ಬೌಹೌಸ್ ಕಲಾಶಾಲೆಯ ಅಧ್ಯಾಪಕವರ್ಗ: ರೂಪಾಚಾರ್ಯರೂ ಕರ್ಮಾಚಾರ್ಯರೂ

೧

ಇಪ್ಪತ್ತನೆಯ ಶತಮಾನದ ಕಲಾಶಿಕ್ಷಣದ ಇತಿಹಾಸವನ್ನು ಬರೆಯಹೊರಟವರು ಯಾರೇ ಆಗಲಿ, ಜರ್ಮನಿಯ ಬೌಹೌಸ್ ಶಾಲೆಯನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ೧೯೧೯ರಿಂದ ೧೯೩೩ರವರೆಗೆ, ವೈಮಾರ್, ಡೆಸಾವ್, ಬರ್ಲಿನ್ ಎಂಬ ಮೂರು ನಗರಗಳಲ್ಲಿ, ಒಟ್ಟು ಹದಿನಾಲ್ಕು ವರ್ಷ ಮಾತ್ರ ನಡೆದ ಈ ಶಾಲೆ, ಚಿತ್ರ, ನೇಯ್ಗೆ, ಪೀಠೋಪಕರಣ, ಮುದ್ರಣ, ವಾಸ್ತುಶಿಲ್ಪ ಇವೆಲ್ಲವನ್ನೂ ಒಂದೇ ಸೂರಿನಡಿ ತರಲು ಯತ್ನಿಸಿತು. ಅದರ ಅಧ್ಯಾಪಕರ ಹೆಸರುಗಳನ್ನು ಹೇಳಿರೆಂದರೆ ನಮ್ಮ ವಿದ್ಯಾರ್ಥಿಗಳು ಕೂಡಲೇ ಪೌಲ್ ಕ್ಲೀ, ವಾಸಿಲಿ ಕಾಂಡಿನ್ಸ್ಕಿ, ವಾಲ್ಟರ್ ಗ್ರೋಪಿಯಸ್ ಎಂದು ಹೇಳುವರು. ಇನ್ನೂ ಕೆಲವರು ಯೋಹಾನೆಸ್ ಇಟ್ಟೆನ್, ಲಿಯೋನೆಲ್ ಫೈನಿಂಗರ್, ಓಸ್ಕರ್ ಶ್ಲೆಮ್ಮರ್ ಎಂದು ಸೇರಿಸುವರು. ಆದರೆ ಮಾಕ್ಸ್ ಕ್ರೇಹನ್, ಯೋಸೆಫ್ ಹಾರ್ಟ್ವಿಗ್, ಹೆಲೆನೆ ಬೋರ್ನರ್, ಕ್ರಿಸ್ಟಿಯಾನ್ ಡೆಲ್, ಕಾರ್ಲ್ ಝೌಬಿಟ್ಸರ್ ಎಂಬ ಹೆಸರುಗಳನ್ನು ಕೇಳಿದವರು ವಿರಳ. ಇವರೂ ಅದೇ ಶಾಲೆಯಲ್ಲಿ, ಅದೇ ವರ್ಷಗಳಲ್ಲಿ, ಅದೇ ವಿದ್ಯಾರ್ಥಿಗಳಿಗೆ ಪಾಠ ಹೇಳಿದವರು.

ಈ ಮರೆವು ಆಕಸ್ಮಿಕವಾದುದಲ್ಲ. ಅದಕ್ಕೆ ಚಾರಿತ್ರಿಕವಾದ ಕಾರಣಗಳಿವೆ ಎಂಬುದು ನಮ್ಮ ಅಭಿಪ್ರಾಯ. ಕಲಾವಿದನಿಗೂ ಕುಶಲಕರ್ಮಿಗೂ ನಡುವಣ ಗೋಡೆಯನ್ನು ಕೆಡಹುವೆವೆಂದು ಸಾರಿದ ಶಾಲೆಯೊಂದು ತನ್ನ ಅಧ್ಯಾಪಕವರ್ಗದಲ್ಲಿಯೇ ಆ ಗೋಡೆಯನ್ನು ಹೇಗೆ ಉಳಿಸಿಕೊಂಡಿತು, ಅದನ್ನು ದಾಟಲು ಯಾವ ದಾರಿಯನ್ನು ಹಿಡಿಯಿತು, ಆ ದಾರಿಯಲ್ಲಿ ಪಡೆದುದೇನು ಕಳೆದುಕೊಂಡುದೇನು ಎಂಬುದನ್ನು ವಿಚಾರಿಸುವುದೇ ಈ ಪ್ರಬಂಧದ ಉದ್ದೇಶ.

ಪರಿಭಾಷೆಯ ಬಗೆಗೆ ಒಂದು ಮಾತು. ಬೌಹೌಸ್‌ನ ಪ್ರತಿಯೊಂದು ಕಾರ್ಯಶಾಲೆಗೂ ಇಬ್ಬರು ಗುರುಗಳಿದ್ದರು. ಒಬ್ಬನನ್ನು ಜರ್ಮನ್ ಭಾಷೆಯಲ್ಲಿ ‘ಫಾರ್ಮ್‌ಮೈಸ್ಟರ್’ ಎಂದೂ, ಮತ್ತೊಬ್ಬನನ್ನು ‘ವೆರ್ಕ್‌ಮೈಸ್ಟರ್’ ಎಂದೂ ಕರೆಯುತ್ತಿದ್ದರು. ಮೊದಲನೆಯವನನ್ನು ನಾವು ‘ರೂಪಾಚಾರ್ಯ’ ಎಂದೂ ಎರಡನೆಯವನನ್ನು ‘ಕರ್ಮಾಚಾರ್ಯ’ ಎಂದೂ ಇಲ್ಲಿ ಕರೆದಿದ್ದೇವೆ. ಕನ್ನಡದಲ್ಲಿ ಬಡಗಿಯನ್ನೂ ಅಕ್ಕಸಾಲಿಗನನ್ನೂ ‘ಆಚಾರಿ’ ಎಂದು ಕರೆಯುವ ರೂಢಿಯುಂಟು. ಅದು ‘ಆಚಾರ್ಯ’ ಶಬ್ದದ ತದ್ಭವವೇ ಆಗಿದೆ. ಒಂದೇ ಶಬ್ದ ಎರಡಾಗಿ, ಒಂದು ವಿದ್ಯಾಪೀಠವನ್ನೇರಿತು, ಮತ್ತೊಂದು ಕುಲುಮೆಯ ಬಳಿಯಲ್ಲಿಯೇ ಉಳಿಯಿತು. ಆದುದರಿಂದ ಈ ವಿಷಯವನ್ನು ಕನ್ನಡಿಗರಿಗೆ ವಿವರಿಸುವುದು ಬಹಳ ಕಷ್ಟವಾಗಲಾರದು.

೨

ಮೊದಲು ಶಾಲೆಯ ಹುಟ್ಟನ್ನು ಸಂಕ್ಷೇಪವಾಗಿ ನೋಡಬೇಕು. ವೈಮಾರ್ ನಗರದಲ್ಲಿ ಮೊದಲನೆಯ ಮಹಾಯುದ್ಧಕ್ಕೆ ಮುಂಚೆ ಎರಡು ಸಂಸ್ಥೆಗಳಿದ್ದವು. ಒಂದು, ಚಿತ್ರಕಾರರನ್ನು ತರಬೇತುಗೊಳಿಸುತ್ತಿದ್ದ ಲಲಿತಕಲೆಗಳ ಅಕಾಡೆಮಿ; ಇನ್ನೊಂದು, ಬೆಲ್ಜಿಯಂ ದೇಶದ ಹೆನ್ರಿ ವಾನ್ ಡಿ ವೆಲ್ಡೆ ನಡೆಸುತ್ತಿದ್ದ ಕರಕುಶಲ ಶಾಲೆ. ಯುದ್ಧವು ಆರಂಭವಾದೊಡನೆ ಪರದೇಶೀಯನಾದ ವಾನ್ ಡಿ ವೆಲ್ಡೆಯ ಸ್ಥಿತಿ ಅಸಹನೀಯವಾಗಿ, ೧೯೧೫ರಲ್ಲಿ ಆ ಶಾಲೆ ಮುಚ್ಚಿಹೋಯಿತು. ತನ್ನ ಸ್ಥಾನಕ್ಕೆ ಆತನು ಸೂಚಿಸಿದ ಹೆಸರುಗಳಲ್ಲಿ ವಾಸ್ತುಶಿಲ್ಪಿ ಗ್ರೋಪಿಯಸನದೂ ಒಂದು. ಯುದ್ಧ ಮುಗಿದು, ಚಕ್ರವರ್ತಿಯ ಆಳ್ವಿಕೆ ಉರುಳಿ, ಗಣರಾಜ್ಯ ಸ್ಥಾಪನೆಯಾದ ಮೇಲೆ ೧೯೧೯ರ ಏಪ್ರಿಲ್‌ನಲ್ಲಿ ಗ್ರೋಪಿಯಸನು ಎರಡು ಸಂಸ್ಥೆಗಳನ್ನೂ ಒಂದುಗೂಡಿಸಿ ‘ಬೌಹೌಸ್’ ಎಂಬ ಹೊಸ ಹೆಸರಿನಿಂದ ನಡೆಸತೊಡಗಿದನು.

ಅದೇ ತಿಂಗಳು ಹೊರಟ ಪ್ರಣಾಳಿಕೆಯ ಮುಖಪುಟದಲ್ಲಿ ಫೈನಿಂಗರನು ಮರದಚ್ಚಿನಲ್ಲಿ ಕೆತ್ತಿದ ದೇವಾಲಯದ ಚಿತ್ರವಿತ್ತು. ಮಧ್ಯಯುಗದ ದೇವಾಲಯವನ್ನು ಕಟ್ಟಿದ ಕಲ್ಲುಕುಟಿಗ, ಬಡಗಿ, ಗಾಜಿನ ಕೆಲಸಗಾರ, ಚಿತ್ರಗಾರ ಇವರೆಲ್ಲರೂ ಒಂದೇ ಸಂಘದವರಾಗಿದ್ದಂತೆ, ಇನ್ನು ಮುಂದೆಯೂ ಆಗಬೇಕೆಂಬುದು ಅದರ ಅಭಿಪ್ರಾಯ. ಕಲಾವಿದನೆಂದರೆ ಉನ್ನತಿಗೇರಿದ ಕುಶಲಕರ್ಮಿಯೇ ಹೊರತು ಬೇರೆ ಜಾತಿಯವನಲ್ಲ, ಇಬ್ಬರನ್ನೂ ಬೇರ್ಪಡಿಸುವ ವರ್ಗಾಹಂಕಾರ ತೊಲಗಬೇಕು ಎಂಬುದೇ ಅದರ ತಿರುಳು.

ಈ ತತ್ತ್ವಕ್ಕನುಸಾರವಾಗಿ ಬಿರುದುಗಳೂ ಬದಲಾದವು. ‘ಪ್ರೊಫೆಸರ್’ ಎಂಬ ಪದವಿಯನ್ನು ಬಿಟ್ಟು ಅಧ್ಯಾಪಕನನ್ನು ‘ಮೈಸ್ಟರ್’, ಎಂದರೆ ಕಸಬಿನ ಯಜಮಾನ ಅಥವಾ ಆಚಾರ್ಯ ಎಂದು ಕರೆದರು. ವಿದ್ಯಾರ್ಥಿಗೆ ಮೊದಲು ‘ಶಿಷ್ಯವೃತ್ತಿಗ’, ಪರೀಕ್ಷೆಯಾದ ಬಳಿಕ ‘ನುರಿತ ಕೆಲಸಗಾರ’ ಎಂಬ ಅರ್ಥದ ಹೆಸರುಗಳು ಬಂದವು. ಇದು ಕೇವಲ ಹೆಸರಿನ ಮಾತಾಗಿರಲಿಲ್ಲ. ವಿದ್ಯಾರ್ಥಿಗಳು ಶಿಷ್ಯವೃತ್ತಿಯ ಕರಾರಿಗೆ ಸಹಿಮಾಡಿ, ಕೊನೆಗೆ ನಗರದ ಕುಶಲಕರ್ಮಿಗಳ ಮಂಡಲಿಯ ಮುಂದೆ ಪರೀಕ್ಷೆಗೆ ನಿಲ್ಲಬೇಕಾಗಿದ್ದಿತು. ಹೀಗಿರಲು, ಶಾಲೆಗೆ ಕಸಬಿನಲ್ಲಿ ಅಧಿಕೃತವಾಗಿ ಯಜಮಾನಪದವಿಯನ್ನು ಪಡೆದ ಗುರುಗಳು ಅನಿವಾರ್ಯರಾದರು. ಅಂಥವರಿಲ್ಲದೆ ಕಾನೂನಿನ ದೃಷ್ಟಿಯಲ್ಲಿ ಶಿಷ್ಯವೃತ್ತಿಯೇ ಇಲ್ಲ. ಆದುದರಿಂದ ಕರ್ಮಾಚಾರ್ಯನು ಬೌಹೌಸ್‌ಗೆ ಅಲಂಕಾರವಾಗಿ ಬಂದವನಲ್ಲ, ಅದರ ಅಸ್ತಿಭಾರದ ಕಲ್ಲಾಗಿ ಬಂದವನು ಎಂಬುದನ್ನು ಮರೆಯಬಾರದು.

ಆದರೆ ಹಳೆಯ ಅಕಾಡೆಮಿಯ ಚಿತ್ರಕಾರ ಪ್ರೊಫೆಸರುಗಳಿಗೆ ಈ ಏರ್ಪಾಡು ಹಿಡಿಸಲಿಲ್ಲ. ಅವರು ಬೇರೆಯಾಗಿ, ೧೯೨೧ರಲ್ಲಿ ವೈಮಾರಿನಲ್ಲಿಯೇ ತಮ್ಮ ಹಳೆಯ ಮಾದರಿಯ ಲಲಿತಕಲಾಶಾಲೆಯನ್ನು ಮತ್ತೆ ಸ್ಥಾಪಿಸಿಕೊಂಡರು. ಬಿರುದನ್ನು ಬಿಡಲೊಲ್ಲದವರು ಹೊರಗೆ ಹೋದರು. ಬಿಡಲೊಪ್ಪಿದವರು ಒಳಗೆ ಉಳಿದರು ಎಂದು ಸ್ಥೂಲವಾಗಿ ಹೇಳಬಹುದು.

೩

ಒಳಗೆ ಉಳಿದವರೂ ಹೊಸದಾಗಿ ಬಂದವರೂ ಯಾರು? ಗ್ರೋಪಿಯಸನು ೧೯೧೯ರಲ್ಲಿ ಮೊದಲು ಆರಿಸಿದವರು ಮೂವರು: ಚಿತ್ರಕಾರ ಫೈನಿಂಗರ್, ಶಿಲ್ಪಿ ಗೆರ್ಹಾರ್ಡ್ ಮಾರ್ಕ್ಸ್, ಚಿತ್ರಕಾರನೂ ಶಿಕ್ಷಣತಜ್ಞನೂ ಆದ ಇಟ್ಟೆನ್. ಅವರ ಬಳಿಕ ಗೆಯಾರ್ಗ್ ಮೂಖೆ, ಶ್ಲೆಮ್ಮರ್, ಕ್ಲೀ ಇವರೂ, ೧೯೨೨ರಲ್ಲಿ ಕಾಂಡಿನ್ಸ್ಕಿಯೂ, ೧೯೨೩ರಲ್ಲಿ ಹಂಗೆರಿಯ ಮೊಹೊಲಿ-ನಾಗಿಯೂ ಬಂದು ಸೇರಿದರು. ಇಲ್ಲಿ ಗಮನಿಸತಕ್ಕ ವಿಷಯವೊಂದುಂಟು. ಕೈಗೆಲಸವೇ ಕಲೆಯ ಮೂಲವೆಂದು ಸಾರಿದ ಶಾಲೆ ರೂಪಾಚಾರ್ಯರ ಸ್ಥಾನಕ್ಕೆ ಆರಿಸಿದವರಲ್ಲಿ ಹೆಚ್ಚಿನವರು ಚಿತ್ರಕಾರರು. ಕಟ್ಟಡವೇ ಎಲ್ಲ ಕಲೆಗಳ ಗುರಿಯೆಂದು ಹೇಳಿದ ಈ ಶಾಲೆಯಲ್ಲಿ ವಾಸ್ತುಶಿಲ್ಪಕ್ಕೆ ಪ್ರತ್ಯೇಕ ವಿಭಾಗ ಏರ್ಪಟ್ಟುದೂ ೧೯೨೭ರಲ್ಲಿ, ಹಾನೆಸ್ ಮೇಯರನು ಬಂದ ಮೇಲೆಯೇ.

ಹೊಸ ವಿದ್ಯಾರ್ಥಿಗಳೆಲ್ಲರೂ ಮೊದಲು ಇಟ್ಟೆನನ ಆರು ತಿಂಗಳ ಪ್ರಾರಂಭಿಕ ಪಾಠಕ್ರಮವನ್ನು ಮುಗಿಸಬೇಕಾಗಿದ್ದಿತು. ಮರ, ಗಾಜು, ಉಣ್ಣೆ, ಕಲ್ಲು, ಲೋಹ ಮೊದಲಾದ ದ್ರವ್ಯಗಳ ಗುಣವನ್ನು ಕಣ್ಣಿನಿಂದಲೂ ಬೆರಳಿನಿಂದಲೂ ಅರಿಯುವುದು, ಬೆಳಕು ನೆರಳುಗಳ ಮತ್ತು ವರ್ಣಗಳ ವೈದೃಶ್ಯವನ್ನು ಅಭ್ಯಾಸಮಾಡುವುದು ಇದರ ಮುಖ್ಯಾಂಶ. ಅನಂತರ ವಿದ್ಯಾರ್ಥಿಯು ಒಂದು ಕಾರ್ಯಶಾಲೆಯನ್ನು ಸೇರಿ ಅಲ್ಲಿ ರೂಪಾಚಾರ್ಯ ಮತ್ತು ಕರ್ಮಾಚಾರ್ಯರ ಜೋಡಿಯ ಕೈಕೆಳಗೆ ಕಲಿಯುತ್ತಿದ್ದನು. ಕುಂಬಾರಿಕೆಯಲ್ಲಿ ಮಾರ್ಕ್ಸ್ ಮತ್ತು ಕ್ರೇಹನ್. ನೇಯ್ಗೆಯಲ್ಲಿ ಮೂಖೆ ಮತ್ತು ಬೋರ್ನರ್. ಕಲ್ಲು ಮತ್ತು ಮರದ ಶಿಲ್ಪದಲ್ಲಿ ಶ್ಲೆಮ್ಮರ್ ಮತ್ತು ಹಾರ್ಟ್ವಿಗ್. ಲೋಹದ ಕೆಲಸದಲ್ಲಿ ಮೊದಲು ಇಟ್ಟೆನ್, ಆಮೇಲೆ ಮೊಹೊಲಿ-ನಾಗಿ, ಅವರೊಡನೆ ಡೆಲ್. ಮುದ್ರಣದಲ್ಲಿ ಫೈನಿಂಗರ್ ಮತ್ತು ಝೌಬಿಟ್ಸರ್. ಭಿತ್ತಿಚಿತ್ರದಲ್ಲಿ ಕಾಂಡಿನ್ಸ್ಕಿ ಮತ್ತು ಹೈನ್ರಿಖ್ ಬೆಬೆರ್ನಿಸ್. ಹೀಗೆ ಶಾಲೆಯ ಉದ್ದಗಲಕ್ಕೂ ಜೋಡಿಗಳೇ.

ಗ್ರೋಪಿಯಸನ ಯುಕ್ತಿ ಸರಳವಾದುದು. ಕೈಯನ್ನೂ ಕಲ್ಪನೆಯನ್ನೂ ಸಮನಾಗಿ ಬಲ್ಲ ಒಬ್ಬನೇ ಗುರು ಆಗ ಇರಲಿಲ್ಲ. ಯಂತ್ರಯುಗದ ನೂರು ವರ್ಷಗಳು ಇವೆರಡನ್ನೂ ಬೇರೆಮಾಡಿದ್ದವು. ಆದುದರಿಂದ ಇಬ್ಬರನ್ನು ಕೂಡಿಸಿ ಒಬ್ಬ ಶಿಷ್ಯನನ್ನು ತಯಾರುಮಾಡಬೇಕು. ಆ ಶಿಷ್ಯನು ಮುಂದೆ ಒಬ್ಬನೇ ಎರಡೂ ಆಗುವನು. ಎಂದರೆ, ಈ ಜೋಡಿ ಪದ್ಧತಿ ತಾತ್ಕಾಲಿಕವಾದುದು. ತನ್ನ ಗುರಿಯನ್ನು ಮುಟ್ಟಿದ ದಿನ ತಾನೇ ಇಲ್ಲವಾಗಬೇಕಾದುದು.

೪

ಈ ಜೋಡಿಗಳು ನಿಜವಾಗಿ ಹೇಗೆ ನಡೆದವು? ಮೂರು ಕಾರ್ಯಶಾಲೆಗಳನ್ನು ಉದಾಹರಣೆಗಾಗಿ ತೆಗೆದುಕೊಳ್ಳಬಹುದು.

ಮೊದಲನೆಯದು ಕುಂಬಾರಿಕೆ. ವೈಮಾರಿನಲ್ಲಿ ತಕ್ಕ ಅನುಕೂಲವಿಲ್ಲದ ಕಾರಣ, ೧೯೨೦ರಲ್ಲಿ ಆ ಕಾರ್ಯಶಾಲೆಯನ್ನು ಸಾಲೆ ನದಿಯ ಮೇಲಿರುವ ಡೊರ್ನ್‌ಬುರ್ಗ್ ಎಂಬ ಸಣ್ಣ ಊರಿನಲ್ಲಿ, ಅರಮನೆಯ ಹಳೆಯ ಕುದುರೆಲಾಯದಲ್ಲಿ ಸ್ಥಾಪಿಸಲಾಯಿತು. ಮಾಕ್ಸ್ ಕ್ರೇಹನ್ ಆ ಊರಿನ ಕುಂಬಾರ. ತಲೆತಲಾಂತರದಿಂದ ಅದೇ ಕಸಬಿನ ಮನೆತನದವನು. ಅವನ ಶಿಷ್ಯರು ಮಣ್ಣನ್ನು ಹದಗೊಳಿಸುವುದರಿಂದ ಆರಂಭಿಸಿ, ಸೌದೆ ಸೀಳಿ, ಆವಿಗೆಯನ್ನು ಉರಿಸುವವರೆಗೆ ಎಲ್ಲವನ್ನೂ ಕೈಯಾರೆ ಕಲಿತರು. ರೂಪಾಚಾರ್ಯನಾದ ಮಾರ್ಕ್ಸನು ಶಿಲ್ಪಿ. ಚಕ್ರದ ಮುಂದೆ ಕುಳಿತಾಗ ಕ್ರೇಹನನೇ ಹಿರಿಯನೆಂಬುದನ್ನು ಒಪ್ಪಿಕೊಂಡು ನಡೆದವನು. ವೈಮಾರಿನ ವಾದವಿವಾದಗಳಿಂದ ದೂರವಾಗಿ, ಊಟ ವಸತಿ ಕೆಲಸ ಎಲ್ಲವೂ ಒಂದೆಡೆಯಲ್ಲಿಯೇ ನಡೆದ ಈ ಶಾಖೆಯಲ್ಲಿ ಜೋಡಿ ಪದ್ಧತಿ ಅತ್ಯಂತ ಸಫಲವಾಯಿತೆಂದು ಹೇಳಬೇಕು. ಓಟ್ಟೋ ಲಿಂಡಿಗ್, ಥಿಯೋಡರ್ ಬೋಗ್ಲರ್, ಮಾರ್ಗರೀಟ್ ಫ್ರೀಡ್‌ಲೆಂಡರ್ ಮೊದಲಾದವರು ಇಲ್ಲಿಯ ಶಿಷ್ಯರು. ಫ್ರೀಡ್‌ಲೆಂಡರಳು ನಾಜಿಗಳ ಕಾಲದಲ್ಲಿ ದೇಶವನ್ನು ಬಿಟ್ಟು, ಕೊನೆಗೆ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಪಾಂಡ್ ಫಾರ್ಮ್ ಎಂಬಲ್ಲಿ ನೆಲಸಿ, ಹಲವು ದಶಕಗಳ ಕಾಲ ಕುಂಬಾರಿಕೆಯನ್ನು ಕಲಿಸಿದಳು. ಜರ್ಮನಿಯ ಸಣ್ಣ ಊರಿನ ಕುಂಬಾರನೊಬ್ಬನ ಕೈಯ ಹದ ಹೀಗೆ ಸಾಗರವನ್ನು ದಾಟಿತು.

ಎರಡನೆಯದು ಶಿಲ್ಪದ ಕಾರ್ಯಶಾಲೆ. ಯೋಸೆಫ್ ಹಾರ್ಟ್ವಿಗ್ ಕಲ್ಲುಕುಟಿಗನಾಗಿ ತರಬೇತು ಪಡೆದವನು. ಬೌಹೌಸ್‌ಗೆ ಬರುವುದಕ್ಕೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಮುಂಚೆ, ಮ್ಯೂನಿಕ್ ನಗರದಲ್ಲಿ ವಾಸ್ತುಶಿಲ್ಪಿ ಔಗುಸ್ಟ್ ಎಂಡೆಲ್ ಯೋಜಿಸಿದ ಎಲ್ವೀರ ಛಾಯಾಚಿತ್ರಶಾಲೆಯ ಪ್ರಸಿದ್ಧ ಮುಂಭಿತ್ತಿಯ ಅಲಂಕಾರವನ್ನು ಕಾರ್ಯರೂಪಕ್ಕೆ ತಂದ ಕೈ ಇವನದೇ. ಆ ಕಟ್ಟಡದ ಇತಿಹಾಸದಲ್ಲಿ ಎಂಡೆಲನ ಹೆಸರು ಮುಂದೆ, ಹಾರ್ಟ್ವಿಗನದು ಹಿಂದೆ. ಆದರೆ ೧೯೨೩-೨೪ರಲ್ಲಿ ಅವನು ಬೌಹೌಸ್‌ನಲ್ಲಿ ಒಂದು ಚದುರಂಗದ ಕಾಯಿಗಳ ಜೊತೆಯನ್ನು ತಾನೇ ರೂಪಿಸಿದನು. ರಾಜ, ಕುದುರೆ, ಒಂಟೆ ಎಂಬ ಹಳೆಯ ಪ್ರತಿಕೃತಿಗಳನ್ನು ಕೈಬಿಟ್ಟು, ಪ್ರತಿಯೊಂದು ಕಾಯಿಯ ನಡೆಯನ್ನೇ ಅದರ ಆಕಾರವನ್ನಾಗಿ ಮಾಡಿದನು. ಓರೆಯಾಗಿ ನಡೆಯುವ ಕಾಯಿಗೆ ಓರೆಯಾದ ಅಡ್ಡಹಲಗೆಯ ಆಕಾರ, ಮೂಲೆ ತಿರುಗುವ ಕುದುರೆಗೆ ಮೂಲೆಕಟ್ಟಿನ ಆಕಾರ, ನೇರವಾಗಿ ನಡೆಯುವ ಆನೆಗೆ ಘನಚೌಕ. ವಸ್ತುವಿನ ಕಾರ್ಯವೇ ಅದರ ರೂಪವನ್ನು ನಿರ್ಣಯಿಸಬೇಕೆಂಬ ಬೌಹೌಸ್ ತತ್ತ್ವಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ದುರ್ಲಭ. ಇದನ್ನು ಮಾಡಿದವನು ರೂಪಾಚಾರ್ಯನಲ್ಲ, ಕರ್ಮಾಚಾರ್ಯನು. ರೂಪವನ್ನು ಚಿಂತಿಸುವವನು ಒಬ್ಬ, ಕೈಯಿಂದ ಮಾಡುವವನು ಇನ್ನೊಬ್ಬ ಎಂಬ ವಿಂಗಡಣೆ ವಸ್ತುಸ್ಥಿತಿಗೆ ವಿರುದ್ಧವಾದುದೆಂಬುದಕ್ಕೆ ಈ ಮೂವತ್ತೆರಡು ಮರದ ಕಾಯಿಗಳೇ ಸಾಕ್ಷಿ.

ಮೂರನೆಯ ಉದಾಹರಣೆ ನೇಯ್ಗೆ. ಇದು ಚಿತ್ರದ ಇನ್ನೊಂದು ಮುಖವನ್ನು ತೋರಿಸುತ್ತದೆ. ಹೆಲೆನೆ ಬೋರ್ನರ್ ವಾನ್ ಡಿ ವೆಲ್ಡೆಯ ಕಾಲದಿಂದಲೂ ನೇಯ್ಗೆಯನ್ನು ಕಲಿಸುತ್ತಿದ್ದವಳು. ಯುದ್ಧದ ತರುವಾಯ ಕಾರ್ಯಶಾಲೆಗಳು ಬರಿದಾಗಿದ್ದಾಗ, ಅವಳ ಸ್ವಂತ ಮಗ್ಗಗಳು ಇದ್ದುದರಿಂದಲೇ ಆ ಶಾಖೆ ನಡೆಯಲು ಸಾಧ್ಯವಾಯಿತು. ೧೯೧೯ರಲ್ಲಿ ಸ್ತ್ರೀಯರು ಬಹು ಸಂಖ್ಯೆಯಲ್ಲಿ ಬೌಹೌಸ್‌ಗೆ ಬಂದಿದ್ದರು. ಹೊಸ ಸಂವಿಧಾನವು ಅವರಿಗೆ ಸಮಾನವಾದ ಹಕ್ಕನ್ನು ಕೊಟ್ಟಿದ್ದಿತು. ಆದರೆ ಆಚಾರ್ಯಸಭೆಯು ಬೇಗನೆಯೇ ಅವರಲ್ಲಿ ಬಹುಮಂದಿಯನ್ನು ನೇಯ್ಗೆಯ ಕಡೆಗೆ ತಿರುಗಿಸುವ ನೀತಿಯನ್ನು ಹಿಡಿಯಿತು. ಇಲ್ಲಿ ರೂಪಾಚಾರ್ಯನಾದ ಮೂಖೆಗೆ ಮಗ್ಗದ ಕೆಲಸ ತಿಳಿಯದು. ಬೋರ್ನರಳಿಗೆ ತಿಳಿದಿದ್ದುದು ಹಳೆಯ ಕ್ರಮ. ವಿದ್ಯಾರ್ಥಿನಿಯರು ಬಹುಪಾಲು ತಮ್ಮ ಪ್ರಯೋಗಗಳಿಂದ ತಾವೇ ಕಲಿತರು. ಗುಂಟಾ ಸ್ಟೋಲ್ಜಲ್, ಬೆನಿಟಾ ಓಟ್ಟೆ ಇಬ್ಬರೂ ಬಣ್ಣಗಾರಿಕೆಯನ್ನು ಕಲಿಯಲು ೧೯೨೨ರಲ್ಲಿ ಕ್ರೆಫೆಲ್ಡ್ ನಗರದ ಶಾಲೆಗೆ ಹೋಗಬೇಕಾಯಿತು. ಆದುದರಿಂದ ಕರ್ಮಾಚಾರ್ಯರೆಲ್ಲರೂ ಕ್ರೇಹನರೇ ಆಗಿದ್ದರೆಂದು ಹೇಳಲಾಗದು. ಪದ್ಧತಿಯೊಂದರ ಯೋಗ್ಯತೆ ವ್ಯಕ್ತಿಗಳನ್ನು ಅನುಸರಿಸಿ ಏರಿಳಿಯುತ್ತಿದ್ದಿತು.

೫

ಈಗ ಗೋಡೆಯ ಮಾತಿಗೆ ಬರೋಣ. ಶಾಲೆಯ ಆಡಳಿತ ನಡೆಯುತ್ತಿದ್ದುದು ಆಚಾರ್ಯಸಭೆಯಲ್ಲಿ. ನೇಮಕ, ಪಾಠಕ್ರಮ, ವಿದ್ಯಾರ್ಥಿಗಳ ಪ್ರವೇಶ ಎಲ್ಲವೂ ಅಲ್ಲಿ ತೀರ್ಮಾನವಾಗುತ್ತಿದ್ದವು. ಆ ಸಭೆಯಲ್ಲಿ ನಿರ್ಣಾಯಕವಾದ ಮತ ರೂಪಾಚಾರ್ಯರದು. ಕರ್ಮಾಚಾರ್ಯರ ಮಾತು ಸಲಹೆಯಾಗಿ ಮಾತ್ರ ಪರಿಗಣಿತವಾಗುತ್ತಿದ್ದಿತು. ಇಬ್ಬರ ಬಿರುದೂ ‘ಮೈಸ್ಟರ್’ ಎಂದೇ ಇದ್ದರೂ, ಒಬ್ಬನದು ಪೀಠ, ಇನ್ನೊಬ್ಬನದು ಮಣೆ. ಮಾಡಬೇಕಾದ ವಸ್ತುವಿನ ಅಂತಿಮ ರೂಪವನ್ನು ನಿಶ್ಚಯಿಸುವವರು ಯಾರು, ಕಾರ್ಯಶಾಲೆಯ ದಿನದಿನದ ಶಿಸ್ತಿಗೆ ಹೊಣೆ ಯಾರು ಎಂಬ ಪ್ರಶ್ನೆಗಳ ಮೇಲೆ ಅಸಮಾಧಾನಗಳೆದ್ದವು. ಕೆಲವರು ಶಾಲೆಯನ್ನು ಬಿಟ್ಟರು. ಪೀಠೋಪಕರಣದ ಕರ್ಮಾಚಾರ್ಯನಾಗಿದ್ದ ಯೋಸೆಫ್ ಝಕ್‌ಮನ್ ೧೯೨೨ರಲ್ಲಿ ಹೊರಟುಹೋದನು.

ಆ ಸಭೆಯ ನಡವಳಿಕೆಗಳ ದಾಖಲೆಗಳು ಉಳಿದು ಬಂದಿದ್ದು, ೨೦೦೧ರಲ್ಲಿ ಪ್ರಕಟವೂ ಆಗಿವೆ. ಆದರೆ ಇಲ್ಲಿಯೂ ಇತಿಹಾಸದ ಅಭ್ಯಾಸಿಗಳು ಎಚ್ಚರದಿಂದಿರಬೇಕು. ದಾಖಲೆಯಲ್ಲಿ ಕೇಳಿಬರುವುದು ಹೆಚ್ಚಾಗಿ ಮಾತಾಡುವ ಅಧಿಕಾರವಿದ್ದವರ ದನಿ. ಮೇಲಾಗಿ ರೂಪಾಚಾರ್ಯರು ಬರಹಗಾರರೂ ಆಗಿದ್ದರು. ಕ್ಲೀಯ ಪಾಠಗಳ ಪುಸ್ತಕ ೧೯೨೫ರಲ್ಲಿಯೂ, ಬಿಂದು, ರೇಖೆ, ತಲಗಳ ಮೇಲೆ ಕಾಂಡಿನ್ಸ್ಕಿ ಬರೆದ ಗ್ರಂಥ ೧೯೨೬ರಲ್ಲಿಯೂ ಬೌಹೌಸ್ ಗ್ರಂಥಮಾಲೆಯಲ್ಲಿ ಹೊರಬಂದು ಇಂದಿಗೂ ಪಠ್ಯಗಳಾಗಿವೆ. ಕ್ರೇಹನ್ ಅಂಥ ಗ್ರಂಥವನ್ನು ಬಿಟ್ಟುಹೋಗಲಿಲ್ಲ. ಅವನ ಪಾಠ ಶಿಷ್ಯರ ಅಂಗೈಯಲ್ಲಿದ್ದಿತು, ಅಂಗೈಗೆ ಪುಟಸಂಖ್ಯೆಯಿಲ್ಲ. ಬರಹವನ್ನೇ ಪ್ರಮಾಣವೆಂದು ನಂಬುವ ನಮ್ಮ ಶಾಸ್ತ್ರವು ಇಂಥವರನ್ನು ಕಾಣದೆ ಹೋಗುವುದು ಸಹಜ. ಆದರೆ ಸಹಜವಾದುದೆಲ್ಲವೂ ನ್ಯಾಯವಾದುದಲ್ಲ. ಡೊರ್ನ್‌ಬುರ್ಗ್‌ನ ಹೂಜಿಗಳನ್ನೂ ಹಾರ್ಟ್ವಿಗನ ಕಾಯಿಗಳನ್ನೂ ದಾಖಲೆಗಳಂತೆಯೇ ಓದುವುದನ್ನು ನಾವು ಕಲಿಯಬೇಕು.

೬

ಶಾಲೆಯ ಹೊರಗೆ ಪರಿಸ್ಥಿತಿ ಬಿಗಡಾಯಿಸುತ್ತಿದ್ದಿತು. ೧೯೨೩ರ ಹಣದುಬ್ಬರ ಎಷ್ಟೆಂದರೆ, ಆಗ ವಿದ್ಯಾರ್ಥಿಯಾಗಿದ್ದ ಹೆರ್ಬರ್ಟ್ ಬೇಯರನು ತುರಿಂಗಿಯ ಸರ್ಕಾರಕ್ಕಾಗಿ ಹತ್ತು ಲಕ್ಷ, ಇಪ್ಪತ್ತು ಲಕ್ಷ ಮಾರ್ಕುಗಳ ನೋಟುಗಳ ವಿನ್ಯಾಸವನ್ನು ಮಾಡಿಕೊಡಬೇಕಾಯಿತು. ಆ ವರ್ಷವೇ ಇಟ್ಟೆನ್ ಹೊರಟುಹೋಗಿ, ಶಾಲೆಯ ಒಲವು ಕೈಗೆಲಸದಿಂದ ಯಂತ್ರೋದ್ಯಮದ ಕಡೆಗೆ ತಿರುಗಿತು. ಅದೇ ಬೇಸಗೆಯ ದೊಡ್ಡ ಪ್ರದರ್ಶನದ ಘೋಷಣೆ, ಕಲೆ ಮತ್ತು ತಂತ್ರವಿದ್ಯೆಗಳ ಐಕ್ಯ. ೧೯೨೪ರ ಚುನಾವಣೆಯಲ್ಲಿ ತುರಿಂಗಿಯದಲ್ಲಿ ಬಲಪಕ್ಷಗಳು ಅಧಿಕಾರಕ್ಕೆ ಬಂದು ಶಾಲೆಯ ಧನಸಹಾಯವನ್ನು ಅರ್ಧಕ್ಕಿಳಿಸಿ, ಅಧ್ಯಾಪಕರ ಕರಾರುಗಳನ್ನು ಕೊನೆಗಾಣಿಸುವ ನೋಟೀಸು ಕೊಟ್ಟವು. ಆ ಡಿಸೆಂಬರ್ ೨೬ರಂದು ಆಚಾರ್ಯರು ತಾವಾಗಿಯೇ ವೈಮಾರ್ ಶಾಲೆಯ ವಿಸರ್ಜನೆಯನ್ನು ಸಾರಿದರು. ಡೆಸಾವ್ ನಗರದ ಮೇಯರ್ ಫ್ರಿಟ್ಸ್ ಹೆಸ್ಸೆಯ ಆಹ್ವಾನದಂತೆ ೧೯೨೫ರಲ್ಲಿ ಶಾಲೆ ಅಲ್ಲಿಗೆ ಹೋಯಿತು. ಗಾಜಿನ ಗೋಡೆಯ ಅದರ ಹೊಸ ಕಟ್ಟಡದ ಪ್ರಾರಂಭೋತ್ಸವ ೧೯೨೬ರ ಡಿಸೆಂಬರ್ ೪ರಂದು ನಡೆಯಿತು.

ಡೆಸಾವಿನ ಅಧ್ಯಾಪಕರ ಪಟ್ಟಿಯನ್ನು ವೈಮಾರಿನದರೊಡನೆ ಹೋಲಿಸಿ ನೋಡಿದರೆ ನಮ್ಮ ವಿಷಯಕ್ಕೆ ಅತ್ಯಂತ ಮುಖ್ಯವಾದ ಪರಿಣಾಮ ಕಾಣುತ್ತದೆ. ಜೋಡಿ ಪದ್ಧತಿ ಕೊನೆಗೊಂಡಿತು. ಅದರ ಸ್ಥಾನದಲ್ಲಿ ಬೌಹೌಸ್‌ನಲ್ಲಿಯೇ ಕಲಿತು ನುರಿತ ‘ಯುವಾಚಾರ್ಯರು’ ಬಂದರು: ಪ್ರಾರಂಭಿಕ ಪಾಠಕ್ರಮಕ್ಕೆ ಯೋಸೆಫ್ ಆಲ್ಬರ್ಸ್, ಪೀಠೋಪಕರಣಕ್ಕೆ ಮಾರ್ಸೆಲ್ ಬ್ರಾಯರ್, ಮುದ್ರಣಕ್ಕೆ ಬೇಯರ್, ಭಿತ್ತಿಚಿತ್ರಕ್ಕೆ ಹಿನ್ನೆರ್ಕ್ ಶೇಪರ್, ಶಿಲ್ಪಕ್ಕೆ ಯೂಸ್ಟ್ ಶ್ಮಿಟ್. ನೇಯ್ಗೆಗೆ ಸ್ಟೋಲ್ಜಲ್ ಮೊದಲು ಕರ್ಮಾಚಾರ್ಯಳಾಗಿ ಬಂದು, ೧೯೨೭ರಲ್ಲಿ ಆ ಕಾರ್ಯಶಾಲೆಯ ಪೂರ್ಣ ಹೊಣೆಯನ್ನು ಪಡೆದಳು. ಇವರೆಲ್ಲರೂ ಕೈಯನ್ನೂ ಕಲ್ಪನೆಯನ್ನೂ ಒಟ್ಟಿಗೆ ಬಲ್ಲವರು. ಬ್ರಾಯರನು ಬಾಗಿಸಿದ ಉಕ್ಕಿನ ಕೊಳವೆಗಳಿಂದ ಮಾಡಿದ ಕುರ್ಚಿ ಇಂದು ಲೋಕಪ್ರಸಿದ್ಧ. ಗ್ರೋಪಿಯಸನ ಯೋಜನೆ ಆರೇ ವರ್ಷಗಳಲ್ಲಿ ಫಲಿಸಿತು ಎನ್ನಬೇಕು.

ಆದರೆ ಆ ಫಲದ ಬೆಲೆಯನ್ನೂ ಲೆಕ್ಕಹಾಕಬೇಕಷ್ಟೆ. ಹಳೆಯ ಕರ್ಮಾಚಾರ್ಯರಲ್ಲಿ ಬಹುಮಂದಿ ಡೆಸಾವಿಗೆ ಹೋಗಲಿಲ್ಲ. ಕುಂಬಾರಿಕೆಯ ಶಾಖೆಯನ್ನೇ ಅಲ್ಲಿಗೆ ಒಯ್ಯಲಿಲ್ಲ. ಕ್ರೇಹನ್ ೧೯೨೫ರಲ್ಲಿ ತೀರಿಕೊಂಡನು. ಹಾರ್ಟ್ವಿಗ್, ಡೆಲ್ ಇಬ್ಬರೂ ಫ್ರಾಂಕ್‌ಫರ್ಟ್‌ನ ಶಾಲೆಗೆ ಹೋದರು. ಡೆಲ್ ಆಮೇಲೆ ರೂಪಿಸಿದ ದೀಪಗಳು ‘ಕೈಸರ್ ಈಡೆಲ್’ ಎಂಬ ಹೆಸರಿನಿಂದ ಕಾರ್ಖಾನೆಯಲ್ಲಿ ತಯಾರಾಗಿ ಮನೆಮನೆಗೂ ಹೋದವು. ಆ ಹೆಸರಿನ ಕೊನೆಯಲ್ಲಿ ಅವನ ಹೆಸರು ಅಡಗಿದೆ. ಡೆಸಾವಿನಲ್ಲಿ ನುರಿತ ಕೆಲಸಗಾರರು ಇರಲಿಲ್ಲವೆಂದಲ್ಲ. ಆದರೆ ಅವರು ತಾಂತ್ರಿಕ ಸಹಾಯಕರಾಗಿ ಇದ್ದರೇ ಹೊರತು ಗುರುಗಳ ಜೋಡಿಯಲ್ಲಿ ಒಬ್ಬರಾಗಿ ಅಲ್ಲ. ೧೯೨೬ರಲ್ಲಿ ಶಾಲೆಗೆ ಉಚ್ಚಶಿಕ್ಷಣ ಸಂಸ್ಥೆಯ ಸ್ಥಾನ ಬಂದಿತು. ‘ಪ್ರೊಫೆಸರ್’ ಎಂಬ ಬಿರುದೂ ಹಿಂದಿರುಗಿತು. ಏಳು ವರ್ಷಗಳ ಹಿಂದೆ ಯಾವ ಬಿರುದನ್ನು ಬಿಟ್ಟು ಹೊರಟಿದ್ದರೋ ಅದೇ ಬಿರುದು!

ಹೊಸ ಪದ್ಧತಿಯಲ್ಲಿಯೂ ಸಮತೆ ಬರಲಿಲ್ಲವೆಂಬುದಕ್ಕೆ ಸ್ಟೋಲ್ಜಲಳ ಜೀವನವೇ ನಿದರ್ಶನ. ಆಚಾರ್ಯರಿಗಾಗಿ ಕಟ್ಟಿದ ಮನೆಗಳು ಗ್ರೋಪಿಯಸ್ ಮತ್ತು ಹಿರಿಯ ಆಚಾರ್ಯರಿಗೆ ಸಂದವು. ಯುವಾಚಾರ್ಯರಿಗೆ ಅವರಷ್ಟು ಸಂಬಳವಿರಲಿಲ್ಲ. ಅವರಲ್ಲಿ ಒಬ್ಬಳೇ ಸ್ತ್ರೀಯಾಗಿದ್ದ ಸ್ಟೋಲ್ಜಲಳು ನೇಯ್ಗೆಯನ್ನು ಬೌಹೌಸ್‌ನ ಅತ್ಯಂತ ಫಲಕಾರಿಯಾದ ಶಾಖೆಗಳಲ್ಲಿ ಒಂದನ್ನಾಗಿ ಮಾಡಿದಳು. ೧೯೨೯ರಲ್ಲಿ ಯೆಹೂದ್ಯನೂ ಶಾಲೆಯ ವಿದ್ಯಾರ್ಥಿಯೂ ಆಗಿದ್ದ ಆರಿಯೆ ಶರೋನನನ್ನು ಮದುವೆಯಾಗಿ ಜರ್ಮನ್ ಪೌರತ್ವವನ್ನು ಕಳೆದುಕೊಂಡಳು. ಒಳಗಿನ ಕಲಹಗಳೂ ಹೊರಗಿನ ರಾಜಕೀಯವೂ ಕೂಡಿ ೧೯೩೧ರಲ್ಲಿ ಅವಳು ಶಾಲೆಯನ್ನು ಬಿಡುವಂತಾಯಿತು. ಆಮೇಲೆ ಅವಳು ಸ್ವಿಟ್ಜರ್‌ಲೆಂಡಿನ ಜ್ಯೂರಿಕ್ ನಗರದಲ್ಲಿ ಮಗ್ಗದೊಡನೆ ಹೊಸ ಬದುಕನ್ನು ಕಟ್ಟಿಕೊಂಡಳು. ಅವಳ ಶಿಷ್ಯೆ ಓಟ್ಟಿ ಬೆರ್ಗರಳು ೧೯೪೪ರಲ್ಲಿ ಆಷ್ವಿಟ್ಸ್ ಮರಣಶಿಬಿರದಲ್ಲಿ ಕೊಲೆಗೀಡಾದಳು.

ಶಾಲೆಯ ಅಂತ್ಯವೂ ದೂರವಿರಲಿಲ್ಲ. ೧೯೩೨ರಲ್ಲಿ ಡೆಸಾವಿನ ನಗರಸಭೆಯಲ್ಲಿ ಪ್ರಬಲರಾಗಿದ್ದ ನಾಜಿಗಳು ಅದನ್ನು ಮುಚ್ಚಿಸಿದರು. ಕೊನೆಯ ನಿರ್ದೇಶಕ ಮೀಸ್ ವಾನ್ ಡೆರ್ ರೋಹೆ ಬರ್ಲಿನ್ನಿನಲ್ಲಿ ಖಾಸಗಿಯಾಗಿ ನಡೆಸಲು ಯತ್ನಿಸಿದನು. ೧೯೩೩ರ ಏಪ್ರಿಲ್ ೧೧ರಂದು ಪೋಲೀಸರು ಕಟ್ಟಡವನ್ನು ಮುತ್ತಿ ಶೋಧಿಸಿ ಬಾಗಿಲಿಗೆ ಮೊಹರು ಹಾಕಿದರು. ಜುಲೈ ೨೦ರಂದು ಅಧ್ಯಾಪಕರು ಸಭೆ ಸೇರಿ ಶಾಲೆಯನ್ನು ವಿಸರ್ಜಿಸುವ ನಿರ್ಣಯವನ್ನು ಕೈಕೊಂಡರು. ಅದಾದ ಮೇಲೆ, ಕಾಂಡಿನ್ಸ್ಕಿಯನ್ನೂ ನಗರಯೋಜನಾತಜ್ಞ ಹಿಲ್ಬರ್ಸೈಮರನನ್ನೂ ತೆಗೆದುಹಾಕುವುದೇ ಮೊದಲಾದ ಷರತ್ತುಗಳಿಗೆ ಒಪ್ಪಿದರೆ ಶಾಲೆಯನ್ನು ತೆರೆಯಬಹುದೆಂಬ ರಹಸ್ಯ ಪೋಲೀಸಿನ ಪತ್ರ ಬಂದಿತು. ಶಾಲೆ ಮತ್ತೆ ತೆರೆಯಲಿಲ್ಲ. ಈ ಒಂದು ಸಂದರ್ಭದಲ್ಲಿ ಬೌಹೌಸ್‌ನ ಅಧ್ಯಾಪಕವರ್ಗ ತೋರಿದ ಮರ್ಯಾದೆಯನ್ನು ಮೆಚ್ಚಲೇಬೇಕು.

೭

ನಮ್ಮ ದೇಶಕ್ಕೂ ಈ ಇತಿಹಾಸಕ್ಕೂ ಸಂಬಂಧವಿಲ್ಲದೆ ಇಲ್ಲ. ಬೌಹೌಸ್ ಆರಂಭವಾದ ೧೯೧೯ರಲ್ಲಿಯೇ ಶಾಂತಿನಿಕೇತನದ ಕಲಾಭವನವೂ ಆರಂಭವಾಯಿತು. ೧೯೨೨ರ ಡಿಸೆಂಬರ್‌ನಲ್ಲಿ ಕಲ್ಕತ್ತೆಯ ಪ್ರಾಚ್ಯಕಲಾ ಸಂಘವು ನಡೆಸಿದ ಪ್ರದರ್ಶನದಲ್ಲಿ, ಶಾಂತಿನಿಕೇತನದಲ್ಲಿ ಪಾಠ ಹೇಳುತ್ತಿದ್ದ ಸ್ಟೆಲ್ಲಾ ಕ್ರಾಮ್ರಿಶ್ ಅವರ ಪ್ರಯತ್ನದಿಂದ, ಕ್ಲೀ, ಕಾಂಡಿನ್ಸ್ಕಿ, ಇಟ್ಟೆನ್, ಫೈನಿಂಗರ್ ಮೊದಲಾದವರ ಕೃತಿಗಳು ಅವನೀಂದ್ರನಾಥ, ಗಗನೇಂದ್ರನಾಥರ ಬಳಗದ ಕೃತಿಗಳೊಡನೆ ತೂಗಾಡಿದವು. ಆಗ ಕಲ್ಕತ್ತೆಗೆ ಬಂದವು ರೂಪಾಚಾರ್ಯರ ಚಿತ್ರಗಳು, ಅಚ್ಚುಗಳು. ಬೌಹೌಸ್‌ನ ಅರ್ಧ ಮಾತ್ರ ಸಮುದ್ರವನ್ನು ದಾಟಿತೆನ್ನಬಹುದು. ಕಲಾಭವನದಲ್ಲಿ ನಂದಲಾಲ ಬೋಸರು ೧೯೨೦ರ ದಶಕದ ಕೊನೆಯ ಭಾಗದಲ್ಲಿ ಜಯಪುರದ ಭಿತ್ತಿಚಿತ್ರಗಾರ ನರಸಿಂಹಲಾಲರನ್ನು ಕರೆಸಿ, ಅವರಿಂದ ತಾವೂ ಕಲಿತು ಶಿಷ್ಯರಿಗೂ ಕಲಿಸಿದರು. ಆಚಾರ್ಯನು ಆಚಾರಿಯ ಮುಂದೆ ಶಿಷ್ಯನಾಗಿ ಕುಳಿತ ಸಂದರ್ಭವಿದು. ಡೊರ್ನ್‌ಬುರ್ಗ್‌ನಲ್ಲಿ ಮಾರ್ಕ್ಸನು ಕ್ರೇಹನನ ಚಕ್ರದ ಬಳಿ ನಿಂತುದಕ್ಕೆ ಇದು ಸಮೀಪವಾದುದು.

ಇಂದು ನಮ್ಮ ಕಾಲೇಜುಗಳ ಕಲಾ ವಿಭಾಗಗಳಲ್ಲಿ ಅಧ್ಯಾಪಕನಾಗಲು ಸಾಮಾನ್ಯವಾಗಿ ಸ್ನಾತಕೋತ್ತರ ಪದವಿ ಬೇಕು. ಮರದ ಕೆತ್ತನೆಯನ್ನು ಮೂವತ್ತು ವರ್ಷ ಮಾಡಿದವನಿಗೆ ಅದಿಲ್ಲದಿದ್ದರೆ ಅವನು ಒಂದೆರಡು ದಿನದ ಪ್ರಾತ್ಯಕ್ಷಿಕೆಗೆ ಬಂದು, ಶಾಲು ಹೊದ್ದು ಹಿಂದಿರುಗುವನು. ೨೦೨೩ರಲ್ಲಿ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ಸ್ಥಳೀಯ ಕಲಾವಿದರನ್ನೂ ಕುಶಲಕರ್ಮಿಗಳನ್ನೂ ವಿದ್ಯಾಸಂಸ್ಥೆಗಳಲ್ಲಿ ನೆಲೆಗೊಳಿಸಿ ಅವರಿಂದ ಶಿಕ್ಷಣ ಕೊಡಿಸುವ ಬಗೆಗೆ ಮಾರ್ಗಸೂಚಿಯನ್ನು ಹೊರಡಿಸಿದೆ. ಇದು ಸ್ವಾಗತಾರ್ಹವೇ ಸರಿ. ಆದರೆ ಬೌಹೌಸ್‌ನ ಅನುಭವದಿಂದ ಕೇಳಬೇಕಾದ ಪ್ರಶ್ನೆ ಬೇರೊಂದಿದೆ. ಅಂಥವರನ್ನು ಒಳಗೆ ಕರೆಯುವುದು ಕಷ್ಟವಲ್ಲ, ವೈಮಾರಿನಲ್ಲಿಯೂ ಕರೆದಿದ್ದರು. ಪಾಠಕ್ರಮ ಹೇಗಿರಬೇಕು, ಯಾವ ವಿದ್ಯಾರ್ಥಿ ಉತ್ತೀರ್ಣ, ಯಾರು ಮುಂದಿನ ಅಧ್ಯಾಪಕ ಎಂಬುದನ್ನು ನಿರ್ಣಯಿಸುವ ಸಭೆಯಲ್ಲಿ ಅವರಿಗೆ ಮತವುಂಟೇ ಎಂಬುದೇ ಪ್ರಶ್ನೆ.

ಗ್ರೋಪಿಯಸನ ಪ್ರಯತ್ನವನ್ನು ವಿಫಲವೆಂದು ನಾವು ಹೇಳುವುದಿಲ್ಲ. ಇಬ್ಬರು ಗುರುಗಳಿಂದ ಒಬ್ಬ ಪೂರ್ಣಶಿಷ್ಯನನ್ನು ಪಡೆಯುವುದು ಅವನ ಉದ್ದೇಶವಾಗಿತ್ತು, ಅದನ್ನು ಪಡೆದನು. ಆದರೆ ಆ ಶಿಷ್ಯನಿಗೆ ಪೀಠ ಸಿಕ್ಕಿದ ದಿನವೇ ಇಬ್ಬರಲ್ಲೊಬ್ಬ ಗುರುವು ಮನೆಗೆ ಹೋಗಬೇಕಾಯಿತು. ಅವನ ಹೆಸರನ್ನು ಪಟ್ಟಿಯಲ್ಲಿ ಮತ್ತೆ ಬರೆದುಕೊಳ್ಳುವ ಕೆಲಸವನ್ನು ಇತಿಹಾಸಕಾರರು ಮಾಡಬಹುದು. ಅವನ ಮಣೆಯನ್ನು ಪೀಠದ ಎತ್ತರಕ್ಕೆ ಏರಿಸುವ ಕೆಲಸ ವಿದ್ಯಾಸಂಸ್ಥೆಗಳದು.